ಟೆಕ್ಸಸ್‌ನಲ್ಲಿ ರಜೆ: ಬಂಡೇರಾದ ರ‍್ಯಾಂಚಾ, ಸ್ಯಾನ್ ಆಂಟೋನಿಯೋ ಸಿಟಿಯಾ?

ಮಗಳ ಮನೆಗೆ ಅಂತ ಟೆಕ್ಸಸ್‌ಗೆ ಬಂದವರು, ಆಫೀಸ್ ಕೆಲಸದ ಮೇಲೆ ಆಸ್ಟಿನ್‌ಗೋ ಡಲ್ಲಾಸ್‌ಗೋ ಬಂದವರು, ಎಲ್ಲರ ಹತ್ತಿರವೂ ಕೊನೆಗೆ ಮೂರ್ನಾಲ್ಕು ದಿನ ಖಾಲಿ ಉಳಿದಿರುತ್ತದೆ. ಆಗ ಮನೆಯಲ್ಲಿ ಚರ್ಚೆ ಶುರು. ಒಬ್ಬರಿಗೆ ಕುದುರೆ, ದನ, ಕೌಬಾಯ್ ಇರುವ ರ‍್ಯಾಂಚ್ ಬೇಕು. ಇನ್ನೊಬ್ಬರಿಗೆ ಸಿಟಿ ಬೇಕು. ಮೂರನೆಯವರು ಎರಡನ್ನೂ ಒಂದೇ ದಿನದಲ್ಲಿ ಮುಗಿಸೋಣ ಅಂತಾರೆ. ಅವರ ಮಾತು ಮಾತ್ರ ಕೇಳಬೇಡಿ.

ಈ ಚರ್ಚೆಯನ್ನು ಬಗೆಹರಿಸಲು ಸ್ಯಾನ್ ಆಂಟೋನಿಯೋ ಒಳ್ಳೆಯ ಜಾಗ. ಎರಡೂ ಅಕ್ಕಪಕ್ಕದಲ್ಲೇ ಸಿಗುತ್ತವೆ. ಸ್ಯಾನ್ ಆಂಟೋನಿಯೋ ಅಮೆರಿಕದ ಏಳನೇ ದೊಡ್ಡ ನಗರ, 14 ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ. ಅಲ್ಲಿಂದ ವಾಯವ್ಯಕ್ಕೆ ಹೈವೇ 16 ಹಿಡಿದು ಒಂದು ಗಂಟೆ ಕಾರು ಓಡಿಸಿದರೆ ಬಂಡೇರಾ. ಸಾವಿರ ಜನವೂ ಇಲ್ಲದ ಊರು. ಆದರೂ ‘ಜಗತ್ತಿನ ಕೌಬಾಯ್ ರಾಜಧಾನಿ’ ಅಂತ ತನಗೆ ತಾನೇ ಬಿರುದು ಕೊಟ್ಟುಕೊಂಡಿದೆ. ಬಿರುದು ಸ್ವಲ್ಪ ಜಾಸ್ತಿಯೇ ಆಯ್ತು, ಇರಲಿ. ಊರಿನ ಸುತ್ತ ಅತಿಥಿಗಳನ್ನು ಇರಿಸಿಕೊಳ್ಳುವ ರ‍್ಯಾಂಚ್‌ಗಳು ಸಾಕಷ್ಟಿವೆ.

ಎರಡೂ ಕಡೆ ಇದ್ದು ಬಂದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ರ‍್ಯಾಂಚ್‌ನಲ್ಲಿ ನಿಮ್ಮ ದಿನವನ್ನು ಊಟದ ಗಂಟೆ ನಡೆಸುತ್ತದೆ. ಸಿಟಿಯಲ್ಲಿ ನೀವೇ ನಡೆಸಬೇಕು. ಯಾರಾದರೂ ಹೇಳಿದಂತೆ ಕೇಳಿಕೊಂಡು ಆರಾಮವಾಗಿ ಇರಬಲ್ಲಿರಾ? ಅಥವಾ ಬೆಳಿಗ್ಗೆ ಎದ್ದು ಮ್ಯಾಪ್ ತೆರೆದು ನಿಮ್ಮ ದಾರಿ ನೀವೇ ಹಿಡಿದರೇ ನಿಮಗೆ ಸಮಾಧಾನವಾ? ದುಡ್ಡು, ದೂರ ಎಲ್ಲ ಆಮೇಲೆ. ಮೊದಲು ಇದನ್ನು ಯೋಚಿಸಿ.

ರ‍್ಯಾಂಚ್ ಅಂದರೆ ಎಲ್ಲ ಒಂದೇ ಅಲ್ಲ

ಪ್ರವಾಸಿಗರು ಹೋಗುವುದು ಹೆಚ್ಚಾಗಿ ‘ಡ್ಯೂಡ್ ರ‍್ಯಾಂಚ್’ ಅಥವಾ ‘ಗೆಸ್ಟ್ ರ‍್ಯಾಂಚ್’ ಅನ್ನುವ ಬಗೆಗೆ. ಇರಲು ಕಾಟೇಜ್, ಮೂರು ಹೊತ್ತು ಊಟ, ದಿನಕ್ಕೆ ಒಂದೋ ಎರಡೋ ಸಲ ಕುದುರೆ ಸವಾರಿ, ಎಲ್ಲ ಸೇರಿ ಒಂದೇ ದರ. ದುಡ್ಡು ತೆಗೆದುಕೊಂಡು ಅತಿಥಿಗಳನ್ನು ಇರಿಸಿಕೊಳ್ಳುವ ಈ ಪದ್ಧತಿ 1880ರ ದಶಕದಲ್ಲಿ ಉತ್ತರ ಡಕೋಟದಲ್ಲಿ ಈಟನ್ ಸಹೋದರರಿಂದ ಶುರುವಾಯಿತು. ಆಮೇಲೆ 1904ರಲ್ಲಿ ಅವರು ವಯೋಮಿಂಗ್‌ಗೆ ಹೋದರು. ಬಂಡೇರಾಕ್ಕೆ ಅದು ಬಂದದ್ದು 1920ರ ದಶಕದಲ್ಲಿ. ದನದ ವ್ಯಾಪಾರದಲ್ಲಿ ಮಾತ್ರ ಹೊಟ್ಟೆ ತುಂಬದಾಗ ಪಟ್ಟಣದವರಿಗೆ ಹಾಸಿಗೆ, ಊಟ ಕೊಟ್ಟು ಬದುಕಿಕೊಂಡ ಕುಟುಂಬಗಳು ಇವು. ಹಾಗಾಗಿ ‘ಇದು ನಿಜವಾದ ರ‍್ಯಾಂಚ್ ಅಲ್ಲ, ಟೂರಿಸ್ಟ್ ನಾಟಕ’ ಅಂತ ಮೂಗು ಮುರಿಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಅತಿಥಿ ಸತ್ಕಾರವೂ ನೂರು ವರ್ಷದಿಂದ ಅಲ್ಲಿನ ಬೇಸಾಯದ ಭಾಗವೇ.

ಇನ್ನೊಂದು ಬಗೆ, ನಿಜಕ್ಕೂ ದನ ಸಾಕಿ ಬದುಕುವ ‘ವರ್ಕಿಂಗ್ ರ‍್ಯಾಂಚ್’. ಅಲ್ಲಿ ವಸಂತದಲ್ಲಿ ಕರುಗಳಿಗೆ ಗುರುತಿನ ಬರೆ ಹಾಕುತ್ತಾರೆ, ಬೇಲಿ ಸರಿಮಾಡುತ್ತಾರೆ, ದನ ಅಟ್ಟುತ್ತಾರೆ. ಅತಿಥಿಯೂ ಕೈ ಹಾಕಬಹುದು. ಕುದುರೆ ಸವಾರಿ ಮೊದಲೇ ಬರುವವರಿಗೆ ಇದು ಸ್ವರ್ಗ. ಮೊದಲ ಸಲ ಹೋಗುವವರಿಗೆ ಬೇಡ.

ಮೂರನೆಯದು, ಸುಮ್ನೆ ಒಂದು ಹೊತ್ತು ನೋಡಿ ಬರೋದು. ದಕ್ಷಿಣಕ್ಕೆ ಎರಡೂವರೆ ಗಂಟೆ ದೂರದ ಕಿಂಗ್ಸ್‌ವಿಲ್‌ನಲ್ಲಿ ಕಿಂಗ್ ರ‍್ಯಾಂಚ್ ಇದೆ. 1853ರಲ್ಲಿ ಶುರುವಾದದ್ದು, ಈಗ 8,25,000 ಎಕರೆ. ರೋಡ್ ಐಲೆಂಡ್ ಅನ್ನುವ ಇಡೀ ರಾಜ್ಯಕ್ಕಿಂತ ದೊಡ್ಡದು! ಬಸ್‌ನಲ್ಲಿ ಕೂರಿಸಿ ಒಂದು ಮೂಲೆ ತೋರಿಸುತ್ತಾರೆ. ಅಲ್ಲಿ ಬೆಳೆಸಿದ ಸಾಂಟಾ ಗರ್ಟ್ರೂಡಿಸ್ ತಳಿಯ ಕೆಂಪು ದನಗಳನ್ನು ನೋಡಿದರೆ ನಮ್ಮವರಿಗೆ ಏನೋ ಪರಿಚಯದ ಮುಖ ಅನ್ನಿಸುತ್ತದೆ. ಅನ್ನಿಸಲೇಬೇಕು. ಇಂಗ್ಲೆಂಡಿನ ಶಾರ್ಟ್‌ಹಾರ್ನ್ ಜೊತೆ ಬ್ರಾಹ್ಮನ್ ತಳಿಯನ್ನು ಕೂಡಿಸಿ ಮಾಡಿದ್ದು ಅದು. ಬ್ರಾಹ್ಮನ್ ತಳಿಯ ಮೂಲ ನಮ್ಮ ಗಿರ್, ಒಂಗೋಲ್, ಕಾಂಕ್ರೇಜ್ ದನಗಳು. ಟೆಕ್ಸಸ್‌ನ ಬಿಸಿಲು, ಉಣ್ಣೆ ಹುಳುಗಳ ಕಾಟ ತಡೆದುಕೊಳ್ಳಲು ಯುರೋಪಿನ ದನಗಳಿಗೆ ಆಗಲಿಲ್ಲ, ಇವಕ್ಕೆ ಆಯಿತು.

ರ‍್ಯಾಂಚ್‌ನಲ್ಲಿ ದಿನ ಹೇಗೆ ಹೋಗುತ್ತದೆ

ಬೆಳಿಗ್ಗೆ ತಿಂಡಿಗೆ ಗಂಟೆ ಹೊಡೆಯುತ್ತಾರೆ. ಉದ್ದನೆಯ ಮೇಜು, ಗುರುತಿಲ್ಲದ ಜನರ ಪಕ್ಕ ಕೂತು ತಿನ್ನಬೇಕು. ಮೊದಲ ದಿನ ಮುಜುಗರ. ಎರಡನೇ ದಿನದ ಹೊತ್ತಿಗೆ ಪಕ್ಕದವರ ಮಕ್ಕಳ ಹೆಸರು, ಓದು, ಮದುವೆ ವಿಚಾರ ಎಲ್ಲ ನಿಮಗೆ ಗೊತ್ತಿರುತ್ತದೆ.

ತಿಂಡಿ ಆದ ಮೇಲೆ ಲಾಯದ ಹತ್ತಿರ ಹೋಗಬೇಕು. ಅಲ್ಲಿ ಗೋಡೆಗೆ ಒಂದು ಬೋರ್ಡ್ ಬಡಿದಿರುತ್ತಾರೆ. ಟೆಕ್ಸಸ್ ಕಾನೂನಿನ ಪ್ರಕಾರ, ಸವಾರಿಯಲ್ಲಿ ಸಹಜವಾಗಿ ಇರುವ ಅಪಾಯದಿಂದ ಏನಾದರೂ ಆದರೆ ಕುದುರೆ ಇಟ್ಟವರು ಹೊಣೆಯಲ್ಲ ಅಂತ. ಜೊತೆಗೆ ಒಂದು ಕಾಗದಕ್ಕೆ ಸಹಿಯನ್ನೂ ಹಾಕಿಸಿಕೊಳ್ಳುತ್ತಾರೆ. ಹೆದರಬೇಡಿ, ಆದರೆ ನಿಮ್ಮ ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಕುದುರೆ ಸವಾರಿ ಸೇರಿದೆಯಾ ಅಂತ ಹೊರಡುವ ಮೊದಲೇ ಓದಿ. ಕೆಲವು ಪಾಲಿಸಿಗಳಲ್ಲಿ ಸೇರಿರುವುದಿಲ್ಲ.

ಕುದುರೆ ನೋಡಿಕೊಳ್ಳುವ ರ‍್ಯಾಂಗ್ಲರ್ ಎರಡು ಪ್ರಶ್ನೆ ಕೇಳುತ್ತಾರೆ: ತೂಕ ಎಷ್ಟು, ಸವಾರಿ ಬರುತ್ತಾ? ಎರಡಕ್ಕೂ ನಿಜವನ್ನೇ ಹೇಳಿ. ತೂಕಕ್ಕೆ ಮಿತಿ ಇರುತ್ತದೆ, ಹೆಚ್ಚಿನ ಕಡೆ 100ರಿಂದ 110 ಕೆಜಿ ಆಸುಪಾಸು. ಇನ್ನು ‘ಸ್ವಲ್ಪ ಬರುತ್ತೆ’ ಅಂತ ಬಡಾಯಿ ಕೊಚ್ಚಿದರೆ ಚುರುಕಿನ ಕುದುರೆಯನ್ನೇ ಕೊಡುತ್ತಾರೆ. ಆಮೇಲೆ ಅನುಭವಿಸಬೇಕಾದವರು ನೀವು.

ಮೆಟ್ಟಿಲಿನಂಥ ಒಂದು ಮರದ ಪೆಟ್ಟಿಗೆ ಮೇಲೆ ನಿಂತು ಎಡಗಾಲನ್ನು ರಿಕಾಪಿಗೆ ಇಟ್ಟು ಹತ್ತಬೇಕು. ಪಶ್ಚಿಮದ ಜೀನು ಅಗಲವಾಗಿರುತ್ತದೆ, ಮುಂದೆ ಹಿಡಿಯಲು ಒಂದು ಕೊಂಬು ಇರುತ್ತದೆ. ಲಗಾಮನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ಬಲಕ್ಕೆ ಹೋಗಬೇಕಾದರೆ ಕೈಯನ್ನು ಬಲಕ್ಕೆ ಸರಿಸಿದರೆ ಸಾಕು. ಲಗಾಮು ಕುತ್ತಿಗೆಗೆ ತಾಗುತ್ತದೆ, ಕುದುರೆ ತಿರುಗುತ್ತದೆ. ದನಗಾಹಿಯ ಇನ್ನೊಂದು ಕೈ ಹಗ್ಗಕ್ಕೆ ಬೇಕಲ್ಲ, ಅದಕ್ಕೇ ಈ ಅಭ್ಯಾಸ. ಹೊಸಬರಿಗೆ ಕಷ್ಟವಾಗುವುದು ತಿರುಗಿಸೋದಲ್ಲ, ಹುಲ್ಲು. ದಾರಿಯಲ್ಲಿ ಹಸಿರು ಕಂಡ ಕೂಡಲೇ ಕುದುರೆ ತಲೆ ಬಗ್ಗಿಸುತ್ತದೆ. ಲಗಾಮು ಸಡಿಲ ಬಿಟ್ಟಿದ್ದರೆ ನಿಮ್ಮ ತೋಳನ್ನೂ ಎಳೆದುಕೊಂಡೇ ಬಗ್ಗುತ್ತದೆ. ಒಂದು ಸಲ ತಿನ್ನಲು ಬಿಟ್ಟರೆ ಮುಗಿಯಿತು, ಮೇಲೆ ಕೂತವರು ಯಾರೆಂದು ಅದಕ್ಕೆ ಗೊತ್ತಾಗಿಬಿಡುತ್ತದೆ. ಆಮೇಲೆ ಪ್ರತಿ ಪೊದೆಗೂ ನಿಲ್ಲುತ್ತದೆ.

ದಾರಿ ಸುಣ್ಣಕಲ್ಲಿನ ಗುಡ್ಡಗಳ ನಡುವೆ ಹೋಗುತ್ತದೆ. ಓಕ್ ಮರ, ಅಲ್ಲಿನವರು ಸೀಡರ್ ಅನ್ನುವ ಜೂನಿಪರ್ ಪೊದೆ, ಕೆಳಗೆ ಮೆದಿನಾ ನದಿಯ ದಂಡೆಯಲ್ಲಿ ಎತ್ತರದ ಸೈಪ್ರಸ್. ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಹೋದರೆ ಬ್ಲೂಬಾನೆಟ್ ಹೂವಿನ ನೀಲಿ. ಜಿಂಕೆಗಳು ಬೇಕಾದಷ್ಟು. ಅವುಗಳಲ್ಲಿ ಮೈತುಂಬಾ ಬಿಳಿ ಚುಕ್ಕೆ ಇರುವ ಒಂದು ಹಿಂಡು ಕಂಡರೆ ಆಶ್ಚರ್ಯ ಪಡಬೇಡಿ. ಅದು ನಮ್ಮ ಬಂಡೀಪುರದಲ್ಲಿ ಕಾಣುವ ಚುಕ್ಕೆ ಜಿಂಕೆಯೇ. 1930ರ ದಶಕದಲ್ಲಿ ತಂದು ಬಿಟ್ಟದ್ದು, ಈಗ ಕಾಡಿನಲ್ಲಿ ತಾವೇ ಬೆಳೆದುಕೊಂಡಿವೆ.

ಮಧ್ಯಾಹ್ನ ಊಟ, ನಿದ್ದೆ, ಈಜುಕೊಳ. ಸಂಜೆ ಹಗ್ಗ ಎಸೆಯುವ ಪಾಠ. ಹುಲ್ಲಿನ ಕಟ್ಟಿಗೆ ಪ್ಲಾಸ್ಟಿಕ್‌ನ ಎತ್ತಿನ ತಲೆ ಚುಚ್ಚಿರುತ್ತಾರೆ, ಅದರ ಕೊಂಬಿಗೆ ಕುಣಿಕೆ ಬೀಳಿಸಬೇಕು. ಮಕ್ಕಳಿಗೆ ಬೇಗ ಬರುತ್ತದೆ, ದೊಡ್ಡವರಿಗೆ ಬರುವುದಿಲ್ಲ. ರಾತ್ರಿ ಬೆಂಕಿ ಸುತ್ತ ಕೂತು ಹಾಡು.

ಇಷ್ಟೇ. ಇದಕ್ಕಿಂತ ಹೆಚ್ಚೇನೂ ಆಗುವುದಿಲ್ಲ. ಆಗದೇ ಇರುವುದೇ ಬೇಕು ಅನ್ನುವವರಿಗೆ ರ‍್ಯಾಂಚ್ ಹೇಳಿ ಮಾಡಿಸಿದ್ದು. ಮೊಬೈಲ್ ಸಿಗ್ನಲ್ ಗುಡ್ಡದ ಮರೆಯಲ್ಲಿ ಬಂದು ಹೋಗಿ ಮಾಡುತ್ತದೆ, ಅದಕ್ಕೂ ಸಿದ್ಧವಾಗಿರಿ.

ಸಿಟಿಯಲ್ಲಿ ಏನಿದೆ

ಎಲ್ಲರೂ ಮೊದಲು ಓಡುವುದು ಅಲಮೋಗೆ. 1836ರಲ್ಲಿ ಮೆಕ್ಸಿಕೋದ ಸೈನ್ಯ 13 ದಿನ ಮುತ್ತಿಗೆ ಹಾಕಿ, ಟೆಕ್ಸಸ್ ಪರ ಹೋರಾಡಿದವರು ಮಡಿದ ಜಾಗ. ಟೆಕ್ಸಸ್‌ನವರಿಗೆ ಅದು ಗುಡಿ ಇದ್ದ ಹಾಗೆ. ಹೊರಗಿನಿಂದ ಹೋದವರಿಗೆ ಮೊದಲು ತೋಚುವುದು ‘ಇಷ್ಟು ಚಿಕ್ಕದಾ?’ ಅಂತ. ಸುತ್ತ ಹೋಟೆಲ್, ಅಂಗಡಿಗಳ ನಡುವೆ ಒಂದು ಸಣ್ಣ ಕಲ್ಲಿನ ಚರ್ಚು. ಅದರ ಒಳಗೆ ಹೋಗಲು ದುಡ್ಡಿಲ್ಲ, ಆದರೆ ಸಮಯ ಮೊದಲೇ ಬುಕ್ ಮಾಡಬೇಕು. ಒಂದು ಗಂಟೆ ಇಟ್ಟುಕೊಳ್ಳಿ, ಸಾಕು.

ರಿವರ್ ವಾಕ್, ಅಂದರೆ ಊರಿನ ನಡುವೆ ಹರಿಯುವ ಸ್ಯಾನ್ ಆಂಟೋನಿಯೋ ನದಿಯ ದಂಡೆಯ ಕಾಲುದಾರಿ, ಬೇರೆ ಕಥೆ. 1921ರಲ್ಲಿ ದೊಡ್ಡ ಪ್ರವಾಹ ಬಂದು ಜನ ಸತ್ತರು. ಆಗ ನದಿಯ ಈ ತಿರುವನ್ನು ಮುಚ್ಚಿ ಚರಂಡಿ ಮಾಡಿಬಿಡೋಣ ಅನ್ನುವ ಮಾತೂ ಇತ್ತು. ಊರಿನವರು ಬಿಡಲಿಲ್ಲ. ರಾಬರ್ಟ್ ಹಗ್‌ಮನ್ ಅನ್ನುವ ವಾಸ್ತುಶಿಲ್ಪಿ 1929ರಲ್ಲಿ ದಂಡೆಯ ಮೇಲೆ ದಾರಿ, ಅಂಗಡಿ, ಕಾಲ್ಸೇತುವೆ ಇರುವ ನಕ್ಷೆ ಕೊಟ್ಟರು. 1939ರಿಂದ 1941ರ ಒಳಗೆ ಅದು ಕಟ್ಟಿ ಮುಗಿಯಿತು. ಈಗ ಒಟ್ಟು 15 ಮೈಲಿ ಇದೆ. ರಸ್ತೆಯಿಂದ ಒಂದು ಮಹಡಿ ಕೆಳಗೆ ಇಳಿದರೆ ಕಾರಿನ ಸದ್ದು ನಿಂತುಬಿಡುತ್ತದೆ. ಸಂಜೆ ಊಟದ ಹೊತ್ತಿನಲ್ಲಿ ಮಾತ್ರ ಜಾತ್ರೆ. ಬೆಳಿಗ್ಗೆ ಎಂಟಕ್ಕೆ ಮೊದಲು ಇಳಿಯಿರಿ, ಇಡೀ ನದಿ ನಿಮ್ಮದೇ.

ಆದರೆ ನನ್ನನ್ನು ಕೇಳಿದರೆ ಈ ಊರಿನ ನಿಜವಾದ ಆಸ್ತಿ ದಕ್ಷಿಣಕ್ಕೆ ಇರುವ ನಾಲ್ಕು ಮಿಷನ್‌ಗಳು: ಕಾನ್ಸೆಪ್ಸಿಯೋನ್, ಸಾನ್ ಹೋಸೆ, ಸಾನ್ ಹುವಾನ್, ಎಸ್ಪಾಡಾ. 18ನೇ ಶತಮಾನದಲ್ಲಿ ಸ್ಪೇನಿನ ಪಾದ್ರಿಗಳು ಕಟ್ಟಿಸಿದ ಚರ್ಚು, ಕೋಟೆ, ಹೊಲ ಎಲ್ಲ ಸೇರಿದ ಊರುಗಳು ಅವು. ಅಲಮೋ ಜೊತೆ ಇವನ್ನೂ ಸೇರಿಸಿ 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು. ಈ ನಾಲ್ಕಕ್ಕೆ ಪ್ರವೇಶ ಶುಲ್ಕ ಇಲ್ಲ. ಭಾನುವಾರ ಚರ್ಚುಗಳಲ್ಲಿ ಈಗಲೂ ಪೂಜೆ ನಡೆಯುತ್ತದೆ. ಸಾನ್ ಹೋಸೆಯ ಹೊರಗೋಡೆ ದಪ್ಪ ಇದೆ ಅಂದುಕೊಂಡು ಹತ್ತಿರ ಹೋದರೆ, ಗೋಡೆಯೊಳಗೇ ಸಾಲಾಗಿ ಕೋಣೆಗಳು. ಮಿಷನ್‌ಗೆ ಸೇರಿದ ಮೂಲನಿವಾಸಿ ಕುಟುಂಬಗಳು ಇದ್ದದ್ದು ಅಲ್ಲೇ. ಬಾಗಿಲು ಗಿಡ್ಡ, ಒಳಗೆ ತಂಪು. ಎಸ್ಪಾಡಾದ ಹತ್ತಿರ ಒಂದು ಮೇಲ್ಗಾಲುವೆ ಇದೆ. 1745ರಲ್ಲಿ ಮುಗಿದದ್ದು, ಸಣ್ಣ ಹೊಳೆಯ ಮೇಲೆ ಕಮಾನು ಕಟ್ಟಿ ನೀರು ದಾಟಿಸಿದ್ದಾರೆ. ಅದರಲ್ಲಿ ಇವತ್ತಿಗೂ ನೀರು ಹರಿಯುತ್ತದೆ.

ಟೆಕ್ಸಸ್‌ನ ರ‍್ಯಾಂಚ್ ಜೀವನದ ಬೇರೂ ಇಲ್ಲೇ ಇದೆ. ಮಿಷನ್‌ಗಳಿಗೆ ದೊಡ್ಡ ದೊಡ್ಡ ದನದ ಹಿಂಡುಗಳಿದ್ದವು, ಕುದುರೆ ಏರಿ ಅವನ್ನು ಕಾಯುತ್ತಿದ್ದವರು ಮೂಲನಿವಾಸಿಗಳು. ಎಸ್ಪಾಡಾದ ರ‍್ಯಾಂಚ್ ಫ್ಲೋರ್ಸ್‌ವಿಲ್ ಹತ್ತಿರ ಇತ್ತು, ಅದರ ಪಾಳುಗೋಡೆಗಳೂ ಪರಂಪರೆಯ ಪಟ್ಟಿಯಲ್ಲಿವೆ. ಬಯಲಿಗೆಲ್ಲ ಬೇಲಿ ಬಂದ ಕಥೆಯ ಒಂದು ತುದಿಯೂ ಈ ಸಿಟಿಯಲ್ಲೇ ಇದೆ. 1876ರಲ್ಲಿ ಜಾನ್ ಗೇಟ್ಸ್ ಅನ್ನುವ ಸೇಲ್ಸ್‌ಮನ್ ಇಲ್ಲಿನ ಚೌಕದಲ್ಲಿ ಮುಳ್ಳುತಂತಿಯ ಬೇಲಿ ಹಾಕಿ ಟೆಕ್ಸಸ್‌ನ ದನಗಳನ್ನು ಒಳಗೆ ಬಿಟ್ಟು ತೋರಿಸಿದ ಅಂತ ಹೇಳುತ್ತಾರೆ. ತಂತಿ ನಿಂತಿತು, ಆರ್ಡರ್‌ಗಳು ಬಂದವು. ಬೇಲಿ ಇಲ್ಲದ ಬಯಲಿನಲ್ಲಿ ಕನ್ಸಾಸ್‌ನ ರೈಲ್ವೆ ತನಕ ದನ ಅಟ್ಟಿಕೊಂಡು ಹೋಗುವ ಕಾಲ ಮುಂದಿನ ಒಂದೆರಡು ದಶಕದಲ್ಲಿ ಮುಗಿಯಿತು. ಇದೆಲ್ಲ ಮೊದಲು ಸಿಟಿಯಲ್ಲಿ ನೋಡಿಕೊಂಡು ಹೋದರೆ ಬಂಡೇರಾದಲ್ಲಿ ಪ್ರತಿ ಬೇಲಿ ಕಂಬವೂ ಬೇರೆ ಥರ ಕಾಣುತ್ತದೆ.

ಸಂಜೆಗೆ ಸಾನ್ ಫರ್ನಾಂಡೋ ಕೆಥೆಡ್ರಲ್ ಮುಂದೆ ಹೋಗಿ. ವಾರದ ಕೆಲವು ದಿನ ಅದರ ಮುಖದ ಮೇಲೆ ಊರಿನ ಚರಿತ್ರೆಯನ್ನು ಬೆಳಕಿನಲ್ಲಿ ಮೂಡಿಸುತ್ತಾರೆ, ಉಚಿತ. ಪರ್ಲ್ ಅನ್ನುವ ಹಳೇ ಬಿಯರ್ ಕಾರ್ಖಾನೆಯ ಬಡಾವಣೆ ಈಗ ಊಟ, ಸಂತೆಯ ಜಾಗ. ಟವರ್ ಆಫ್ ದಿ ಅಮೆರಿಕಾಸ್ 750 ಅಡಿ. ಸಮಯ ಇದ್ದರೆ ಹತ್ತಿ, ಇಲ್ಲದಿದ್ದರೆ ನಷ್ಟವಿಲ್ಲ.

ಊಟ

ಸಸ್ಯಾಹಾರಿಗಳಿಗೆ ಸಿಟಿಯೇ ಸುಲಭ. ಮೆಕ್ಸಿಕೋ ಮತ್ತು ಟೆಕ್ಸಸ್ ಬೆರೆತ ಅಡುಗೆಯಲ್ಲಿ ಬೀನ್ಸ್, ಚೀಸ್, ಅನ್ನ, ಆವಕಾಡೊ ಎಲ್ಲ ಇವೆ. ಒಂದು ಮಾತು ನೆನಪಿಡಿ. ಅರೆದು ಬೇಯಿಸಿದ ಬೀನ್ಸ್‌ಗೆ ಹಂದಿ ಕೊಬ್ಬು ಹಾಕುವ ವಾಡಿಕೆ ಇದೆ, ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸುವುದೂ ಉಂಟು. ‘ವೆಜಿಟೇರಿಯನ್’ ಅಂದರೆ ಸಾಲದು, ಕೊಬ್ಬು, ಸಾರು ಎರಡನ್ನೂ ಬಿಡಿಸಿ ಕೇಳಿ.

ರ‍್ಯಾಂಚ್‌ನಲ್ಲಿ ಎಲ್ಲರಿಗೂ ಒಂದೇ ಅಡುಗೆ, ಅದರ ನಡುವೆ ಮಾಂಸ. ಬುಕ್ ಮಾಡುವಾಗಲೇ ಹೇಳಿದರೆ ಬೇರೆ ಮಾಡಿಕೊಡುತ್ತಾರೆ. ಹೋದ ಮೇಲೆ ಹೇಳಿದರೆ ಆಲೂಗಡ್ಡೆ, ಸಲಾಡ್, ಬ್ರೆಡ್ಡೇ ಗತಿ. ಚಟ್ನಿಪುಡಿ ಡಬ್ಬಿ ಒಂದು ಬ್ಯಾಗಿನಲ್ಲಿರಲಿ. ಮಾಂಸ ತಿನ್ನುವವರಿಗೆ ಎರಡೂ ಕಡೆ ಹಬ್ಬ.

ದುಡ್ಡು

ರ‍್ಯಾಂಚ್‌ನ ದರ ಕೇಳಿದ ಕೂಡಲೇ ಎದೆ ಧಸಕ್ಕನ್ನುತ್ತದೆ, ಯಾಕೆಂದರೆ ಅದು ತಲೆಗೆ ಇಷ್ಟು ಅಂತ. ಹೋಟೆಲ್ ದರ ಕೋಣೆಗೆ ಇಷ್ಟು ಅಂತ. ಎರಡನ್ನೂ ಹಾಗೇ ಪಕ್ಕದಲ್ಲಿಟ್ಟು ನೋಡಬೇಡಿ. ಹೋಟೆಲ್ ದರಕ್ಕೆ ಸುಮಾರು 17% ತೆರಿಗೆ, ಕಾರ್ ಪಾರ್ಕಿಂಗ್, ಮೂರು ಹೊತ್ತು ಊಟ, ಊಟಕ್ಕೆ 8.25% ತೆರಿಗೆ, ಮೇಲೆ 15ರಿಂದ 20% ಟಿಪ್ಸ್ ಎಲ್ಲ ಸೇರಿಸಿ ಲೆಕ್ಕ ಹಾಕಿ. ಇಬ್ಬರೇ ಹೋದರೆ ಅಂತರ ನೀವು ಹೆದರಿದಷ್ಟು ಇರುವುದಿಲ್ಲ. ನಾಲ್ಕು ಜನರ ಕುಟುಂಬಕ್ಕೆ ಮಾತ್ರ ಸಿಟಿ ಅಗ್ಗ, ಅದರಲ್ಲಿ ಅನುಮಾನವಿಲ್ಲ. ಒಂದೇ ಕೋಣೆಯಲ್ಲಿ ಎಲ್ಲರೂ ಮಲಗಬಹುದು, ಮಿಷನ್‌ಗಳು ಪುಕ್ಕಟೆ. ರ‍್ಯಾಂಚ್‌ನಲ್ಲೂ ಕೆಲಸದವರಿಗೆ ಕೊನೆಯ ದಿನ ಟಿಪ್ಸ್ ಕೊಡುವ ರೂಢಿ ಇದೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ವಯೋಮಿಂಗ್, ಮೊಂಟಾನಾ ಕಡೆಯ ರ‍್ಯಾಂಚ್‌ಗಳ ಜೊತೆ ಹೋಲಿಸಿದರೆ ಬಂಡೇರಾ ಸುಲಭವೇ. ಅಲ್ಲಿ ಸೀಸನ್‌ನಲ್ಲಿ ವಾರಗಟ್ಟಲೆ ಬುಕ್ ಮಾಡಬೇಕು, ವಾರಕ್ಕೆ ತಲೆಗೆ 2,000 ಡಾಲರ್ ದಾಟುವುದು ಸಾಮಾನ್ಯ. ಇಲ್ಲಿ ಎರಡು ರಾತ್ರಿಗೂ ಕೊಡುತ್ತಾರೆ, ವರ್ಷವಿಡೀ ತೆರೆದಿರುತ್ತವೆ.

ಯಾವಾಗ ಹೋಗಬೇಕು, ಹೇಗೆ ಹೋಗಬೇಕು

ಮಾರ್ಚ್, ಏಪ್ರಿಲ್ ಅಥವಾ ಅಕ್ಟೋಬರ್, ನವೆಂಬರ್. ಜುಲೈ, ಆಗಸ್ಟ್‌ನಲ್ಲಿ 35 ಡಿಗ್ರಿ ಮಾಮೂಲು, 38 ಮುಟ್ಟುವುದೂ ಉಂಟು. ಸಿಟಿಯಲ್ಲಾದರೆ ಎಸಿ ಇರುವ ಮ್ಯೂಸಿಯಂ ಒಳಗೆ ನುಗ್ಗಬಹುದು. ಕುದುರೆ ಮೇಲೆ ಎಲ್ಲಿಗೆ ನುಗ್ಗುತ್ತೀರಿ? ಬೇಸಿಗೆಯಲ್ಲಿ ರ‍್ಯಾಂಚ್ ಬೇಕೇ ಬೇಕು ಅಂದರೆ ದುಡ್ಡು ಜಾಸ್ತಿಯಾದರೂ ಉತ್ತರದ ರಾಜ್ಯಗಳಿಗೇ ಹೋಗಿ. ಡಿಸೆಂಬರ್, ಜನವರಿಯಲ್ಲಿ ಸೀಡರ್ ಪರಾಗ ಹಾರುತ್ತದೆ. ಅಲರ್ಜಿ ಇರುವವರು ಆ ತಿಂಗಳು ಬಿಡಿ.

ಮಳೆಯ ವಿಷಯ ಗಂಭೀರ. ಈ ಗುಡ್ಡಗಳಲ್ಲಿ ಮಣ್ಣು ತೆಳು, ಕೆಳಗೆ ಕಲ್ಲು. ಬಿದ್ದ ನೀರು ಇಂಗದೆ ಒಮ್ಮೆಲೇ ನದಿಗೆ ನುಗ್ಗುತ್ತದೆ. 2025ರ ಜುಲೈ 4ರಂದು ಪಕ್ಕದ ಕರ್ ಕೌಂಟಿಯಲ್ಲಿ ಗ್ವಾಡಲೂಪ್ ನದಿ ರಾತ್ರೋರಾತ್ರಿ ಉಕ್ಕಿ ನೂರಕ್ಕೂ ಹೆಚ್ಚು ಜನ ಸತ್ತರು. ರಸ್ತೆ ಮೇಲೆ ನೀರು ಹರಿಯುತ್ತಿದ್ದರೆ ಎಷ್ಟೇ ಕಡಿಮೆ ಅನ್ನಿಸಿದರೂ ಕಾರು ಇಳಿಸಬೇಡಿ, ತಿರುಗಿಸಿಕೊಂಡು ಬನ್ನಿ.

ಬಂಡೇರಾಕ್ಕೆ ಕಾರು ಇಲ್ಲದೆ ಹೋಗಲಾಗದು. ಕತ್ತಲಾಗುವ ಮೊದಲೇ ತಲುಪಿ, ಮುಸ್ಸಂಜೆಯಲ್ಲಿ ಜಿಂಕೆಗಳು ರಸ್ತೆಗೆ ಹಾರುತ್ತವೆ. ಸಿಟಿ ನಡುವೆ ಮಾತ್ರ ಕಾರು ಹೊರೆ. ಅಲ್ಲಿ ನಡೆಯಿರಿ, ಮಿಷನ್‌ಗಳಿಗೆ ಬಸ್ ಅಥವಾ ನದಿ ಪಕ್ಕದ ಸೈಕಲ್ ದಾರಿ ಹಿಡಿಯಿರಿ.

ಯಾರಿಗೆ ಯಾವುದು

ಏಳೆಂಟು ವರ್ಷ ದಾಟಿದ ಮಕ್ಕಳಿದ್ದರೆ ಕಣ್ಣು ಮುಚ್ಚಿ ರ‍್ಯಾಂಚ್. ಆರಕ್ಕಿಂತ ಚಿಕ್ಕವರನ್ನು ಹೆಚ್ಚಿನ ಕಡೆ ಸವಾರಿಗೆ ಕಳಿಸುವುದಿಲ್ಲ, ಅಂಗಳದಲ್ಲೇ ಒಂದು ಸುತ್ತು ಹಾಕಿಸಿ ಇಳಿಸುತ್ತಾರೆ. ಮಗು ಅತ್ತರೆ ಸಮಾಧಾನ ಮಾಡೋದು ನಿಮ್ಮ ಪಾಲು.

ಅಪ್ಪ, ಅಮ್ಮನಿಗೆ ಮಂಡಿ ನೋವಿದ್ದರೆ ಸಿಟಿ. ಸವಾರಿ ಮಾಡದೆಯೂ ರ‍್ಯಾಂಚ್‌ನಲ್ಲಿ ಇರಬಹುದು, ಆದರೆ ಉಳಿದವರೆಲ್ಲ ಗುಡ್ಡಕ್ಕೆ ಹೋದಾಗ ಅವರೊಬ್ಬರೇ ಜಗುಲಿಯಲ್ಲಿ ಕೂರಬೇಕಾಗುತ್ತದೆ. ಕೆಲವರಿಗೆ ಅದೇ ಇಷ್ಟ, ಕೇಳಿ ನೋಡಿ. ಅಮೆರಿಕಕ್ಕೆ ಮೊದಲ ಸಲ ಬಂದವರಿಗೂ ನಾನು ಸಿಟಿಯನ್ನೇ ಹೇಳುತ್ತೇನೆ. ಗೆಳೆಯರ ಗುಂಪಾದರೆ ಗುಂಪಿನಲ್ಲಿ ಬೆಳಿಗ್ಗೆ ಬೇಗ ಏಳುವವರು ಎಷ್ಟು ಜನ ಅಂತ ಎಣಿಸಿ. ಅರ್ಧಕ್ಕಿಂತ ಕಡಿಮೆ ಇದ್ದರೆ ರ‍್ಯಾಂಚ್ ಮರೆತುಬಿಡಿ.

ಎರಡೂ ಬೇಕಾದರೆ ನಾಲ್ಕು ರಾತ್ರಿಯಾದರೂ ಬೇಕು, ಎರಡೆರಡು. ಸಿಟಿ ಮೊದಲು, ರ‍್ಯಾಂಚ್ ಆಮೇಲೆ. ವಿಮಾನದ ನಿದ್ದೆ ತೀರುವುದು ಸಿಟಿಯ ಹೋಟೆಲ್‌ನಲ್ಲೇ ಆಗಲಿ. ಇನ್ನೊಂದು ಕಾರಣವೂ ಇದೆ. ಮೊದಲ ದಿನದ ಸವಾರಿ ಆದ ಮೇಲೆ ಒಳತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿಯುವುದೇ ಕಷ್ಟ. ಆ ಕಾಲಿನಲ್ಲಿ ರಿವರ್ ವಾಕ್ ನಡೆಯಲು ಆಗುವುದಿಲ್ಲ. ರ‍್ಯಾಂಚ್‌ನಲ್ಲಿ ಒಂದೇ ರಾತ್ರಿ ಇರುವುದಕ್ಕಿಂತ ಹೋಗದೇ ಇರುವುದು ಮೇಲು. ಕುದುರೆಗೆ ನೀವು, ನಿಮಗೆ ಕುದುರೆ ಹೊಂದಿಕೊಳ್ಳುವಷ್ಟರಲ್ಲಿ ಹೊರಡುವ ಹೊತ್ತಾಗಿರುತ್ತದೆ.

ಬುಕ್ ಮಾಡುವ ಮೊದಲು ರ‍್ಯಾಂಚ್‌ಗೆ ಒಂದು ಫೋನ್ ಮಾಡಿ. ದಿನಕ್ಕೆ ಎಷ್ಟು ಸವಾರಿ ದರದಲ್ಲಿ ಸೇರಿದೆ? ಸವಾರಿ ಮಾಡದವರಿಗೆ ದರ ಕಡಿಮೆಯಾ? ಹೆಲ್ಮೆಟ್ ಕೊಡುತ್ತೀರಾ? ಮಳೆ ಬಂದರೆ ಏನು ಮಾಡಿಸುತ್ತೀರಿ? ಶೂ ವಿಷಯವನ್ನೂ ಕೇಳಿ. ಹಿಮ್ಮಡಿ ಇರುವ ಬೂಟು ಬೇಕು, ಸಮತಟ್ಟಾದ ಸ್ಪೋರ್ಟ್ಸ್ ಶೂ ಹಾಕಿದರೆ ಪಾದ ರಿಕಾಪಿನೊಳಗೆ ಜಾರಿ ಸಿಕ್ಕಿಕೊಳ್ಳುವ ಅಪಾಯ ಇದೆ. ಕೆಲವು ಕಡೆ ಅತಿಥಿಗಳಿಗಾಗಿ ಹಳೇ ಬೂಟುಗಳನ್ನು ಇಟ್ಟಿರುತ್ತಾರೆ. ನಿಮ್ಮ ಅಳತೆಯದು ಇದೆಯಾ ಅಂತ ಕೇಳಿಕೊಂಡರೆ ಹೊಸದು ಕೊಳ್ಳುವ ದುಡ್ಡು ಉಳಿಯುತ್ತದೆ.